ದೀಪಾವಳಿ ರಾತ್ರಿ ತಾರಸಿಗೆ ಬಂದು ಸೇರಿದ ಬೆಕ್ಕು: ಸಾಕಿದವರನ್ನು ಹುಡುಕುವುದು ಹೇಗೆ?

ಮೇಲ್ಮನೆ ಬಾಡಿಗೆ
ಎಲ್ಲರಿಗೂ ನಮಸ್ಕಾರ. ನಾವಿರುವುದು ಬೆಂಗಳೂರಿನ ಹನುಮಂತನಗರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಬಲಿಪಾಡ್ಯಮಿ ರಾತ್ರಿ ಪಟಾಕಿ ಸದ್ದು ಜೋರಾಗಿದ್ದಾಗ ತಾರಸಿಯ ಸಿಂಟೆಕ್ಸ್ ಟ್ಯಾಂಕ್ ಕೆಳಗೆ ಒಂದು ಬೆಕ್ಕು ಬಂದು ಸೇರಿಕೊಂಡಿತು. ಬೆಳಗಾದರೂ ಅಲ್ಲೇ ಇತ್ತು. ನೀರು ಇಟ್ಟರೆ ಮೂಸಿಯೂ ನೋಡಲಿಲ್ಲ. ಸಂಜೆ ಹೊತ್ತಿಗೆ ಮೆಲ್ಲಗೆ ಒಳಗೆ ಬಂದು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಕೂತಿದೆ. ಬಿಳಿ, ಕಪ್ಪು, ಕೇಸರಿ ಮೂರೂ ಬಣ್ಣ ಇದೆ. ಕುತ್ತಿಗೆಗೆ ಕಪ್ಪು ದಾರ. ತಲೆ ಸವರಿದರೆ ಗುರ್ ಗುರ್ ಎನ್ನುತ್ತದೆ, ಹಾಗಾಗಿ ಯಾರೋ ಸಾಕಿದ್ದೇ ಇರಬೇಕು.

ಏರಿಯಾದ ವಾಟ್ಸಾಪ್ ಗ್ರೂಪು, ಫೇಸ್‌ಬುಕ್ ಎಲ್ಲ ಕಡೆ ಫೋಟೋ ಹಾಕಿದ್ದೇನೆ. ಲೈಕ್ ಬೇಕಾದಷ್ಟು ಬಂದವು, "ನಮ್ಮದು" ಅಂದವರು ಒಬ್ಬರೂ ಇಲ್ಲ. ಕೆಳಗಿನ ಮನೆಯಲ್ಲಿರುವ ಓನರ್ ಅಮ್ಮ "ಬೆಕ್ಕು ಗಿಕ್ಕು ಎಲ್ಲ ಬೇಡಪ್ಪ" ಎಂದು ಮೊದಲೇ ಹೇಳಿದವರು. ನನ್ನ ಹೆಂಡತಿ ಗರ್ಭಿಣಿ ಬೇರೆ. ಬೆಕ್ಕಿನಿಂದ ಏನೋ ಕಾಯಿಲೆ ಬರುತ್ತದೆ ಅಂತ ಅತ್ತೆ ಫೋನ್ ಮೇಲೆ ಫೋನ್ ಮಾಡುತ್ತಿದ್ದಾರೆ. ಏನು ಮಾಡಲಿ?

ಮಂಡ್ಯದ ಮಾವ
ಸುಮ್ನೆ ಬಾಗಿಲು ತೆಗೆದಿಡಿ ಸ್ವಾಮಿ. ಕೊತ್ತಿಗೆ ಮನೆ ದಾರಿ ಹೇಳಿಕೊಡಬೇಕಾ? ನಮ್ಮೂರಲ್ಲಿ ಗೋಣಿಚೀಲದಲ್ಲಿ ಕಟ್ಟಿ ನಾಲೆ ಆಚೆ ಬಿಟ್ಟು ಬಂದರೂ, ಬಿಟ್ಟವನಿಗಿಂತ ಮುಂಚೆ ಬಂದು ಒಲೆ ಮುಂದೆ ಮಲಗಿರುತ್ತಿತ್ತು.

ಬೆಕ್ಕಿನ ಬಿಡಾರ
ಮಾವ, ತಾನಾಗಿ ತಿರುಗಾಡಲು ಹೋದ ಬೆಕ್ಕಿನ ಮಾತು ಬೇರೆ. ಹೆದರಿ ಓಡಿದ್ದು ದಾರಿ ನೋಡಿಕೊಂಡು ಓಡಿರುವುದಿಲ್ಲ. ನಮಗೆ 20 ಕಿಲೋಹರ್ಟ್ಸ್‌ವರೆಗಿನ ಸದ್ದು ಕೇಳಿದರೆ ಬೆಕ್ಕಿಗೆ 60 ದಾಟಿಯೂ ಕೇಳುತ್ತದೆ. ಲಕ್ಷ್ಮೀ ಪಟಾಕಿ ಅದಕ್ಕೆ ಹೇಗೆ ಕೇಳಿಸಿರಬಹುದು ಯೋಚಿಸಿ.

ಮೇಲ್ಮನೆಯವರೇ, ಬಾಗಿಲು ಹಾಕುವ ಮೊದಲು ಒಂದು ಕೆಲಸ ಈಗಲೇ ಮಾಡಿ. ಮೂರು ಬಣ್ಣ ಅಂದರೆ ಹೆಣ್ಣೇ ಇರಬೇಕು. ಹೊಟ್ಟೆ ಮೇಲೆ ಮಾಡಿ ನೋಡಿ. ಮೊಲೆತೊಟ್ಟು ದಪ್ಪಗೆ, ಕೆಂಪಾಗಿ, ಸುತ್ತ ಕೂದಲು ಸವೆದು ಹೋಗಿದ್ದರೆ ಮರಿಗಳಿಗೆ ಹಾಲು ಕೊಡುತ್ತಿದೆ ಎಂದು ಅರ್ಥ. ಆಗ ಅದನ್ನು ಕೂಡಿಹಾಕಬಾರದು. ಎಲ್ಲೋ ಒಂದು ಕಡೆ ಮರಿಗಳು ಹಸಿದು ಸಾಯುತ್ತವೆ. ಬಿಟ್ಟು, ಹಿಂದೆಯೇ ಹೋಗಿ ಮರಿ ಎಲ್ಲಿವೆ ನೋಡಬೇಕು. ಇದನ್ನು ನೋಡದೆ ಬೆಕ್ಕು ಎತ್ತಿಕೊಂಡು ಹೋಗಿ ಆಶ್ರಯಕ್ಕೆ ಬಿಡುವ ಪುಣ್ಯಾತ್ಮರು ತುಂಬಾ ಜನ ಇದ್ದಾರೆ.

ಮೇಲ್ಮನೆ ಬಾಡಿಗೆ
ನೋಡಿದೆ ಅಕ್ಕ. ಹಾಗೇನೂ ಇಲ್ಲ, ಸಣ್ಣಗಿವೆ. ನೋಡುವಾಗ ಕೈ ಪರಚಿತು, ಸ್ವಲ್ಪ ರಕ್ತ ಬಂತು.

ಹೆಬ್ಬಾಳದ ಹುಡುಗಿ
ನಾನು ಪಶುವೈದ್ಯಕೀಯ ಕಡೇ ವರ್ಷದ ವಿದ್ಯಾರ್ಥಿನಿ. ಮೊದಲು ಕೈ. ಸೋಪು ಹಾಕಿ ನಲ್ಲಿ ನೀರು ಬಿಟ್ಟು 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡು. ಅರಿಶಿನ, ಕಾಫಿಪುಡಿ ಏನೂ ಹಚ್ಚಬೇಡಿ. ತೊಳೆದ ಮೇಲೆ ಇವತ್ತೇ ಆಸ್ಪತ್ರೆಗೆ ಹೋಗಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ. ರಕ್ತ ಬಂದ ಗಾಯ ಆದ್ದರಿಂದ ಲಸಿಕೆ ಜೊತೆ ಇಮ್ಯುನೊಗ್ಲೋಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಚುಚ್ಚುಮದ್ದು) ಬೇಕೋ ಏನು ಎಂದು ಅವರೇ ಹೇಳುತ್ತಾರೆ. "ಮನೆ ಬೆಕ್ಕು, ಏನಾಗಲ್ಲ" ಅಂತ ಬಿಡಬೇಡಿ. ಲಸಿಕೆ ಹಾಕಿಸಿದ್ದಾರೋ ಇಲ್ಲವೋ ನಿಮಗೆ ಗೊತ್ತಿಲ್ಲವಲ್ಲ.

ಇನ್ನು ಅತ್ತೆಯವರ ಚಿಂತೆ. ಅದರ ಹೆಸರು ಟಾಕ್ಸೊಪ್ಲಾಸ್ಮಾ, ಸುಳ್ಳೇನಲ್ಲ. ಆದರೆ ಬೆಕ್ಕು ಮನೆಯಲ್ಲಿದ್ದ ಮಾತ್ರಕ್ಕೆ, ಅದನ್ನು ಮುಟ್ಟಿದ ಮಾತ್ರಕ್ಕೆ ಸುಲಭವಾಗಿ ಬರುವುದಿಲ್ಲ. ಅದು ಬರುವುದು ಬೆಕ್ಕಿನ ಮಲದಿಂದ, ಅದೂ ಹೊರಗೆ ಬಿದ್ದು 1ರಿಂದ 5 ದಿನ ಆದ ಮೇಲೆ. ಆದ್ದರಿಂದ ಬೆಕ್ಕಿನ ಕಕ್ಕಸಿಗೆ ಇಡುವ ಟ್ರೇ ದಿನಾ ಎತ್ತಬೇಕು. ಎತ್ತುವವರು ನೀವು, ಕೈಗವಸು ಹಾಕಿಕೊಂಡು. ನಿಮ್ಮ ಮನೆಯವರು ಆ ಕಡೆ ಹೋಗುವುದೇ ಬೇಡ. ಸರಿಯಾಗಿ ಬೇಯದ ಮಾಂಸ, ತೊಳೆಯದ ಸೊಪ್ಪಿನಿಂದಲೂ ಅದೇ ಕಾಯಿಲೆ ಬರುತ್ತದೆ, ಅತ್ತೆಗೆ ಅದನ್ನೂ ಹೇಳಿ. ಅವರ ಡಾಕ್ಟರಿಗೂ ಒಂದು ಮಾತು ತಿಳಿಸಿಡಿ.

ಬೆಕ್ಕು ತಿನ್ನುತ್ತಿದೆಯಾ? ನಾಯಿ ಹಾಗೆ ಅದನ್ನು ಉಪವಾಸ ಬಿಡಬಾರದು. ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತು ಕೆಡುತ್ತದೆ, ದಪ್ಪ ಬೆಕ್ಕಾದರೆ ಇನ್ನೂ ಬೇಗ. ಹಾಲು ಬೇಡ, ದೊಡ್ಡ ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಲು ಜೀರ್ಣವಾಗುವುದಿಲ್ಲ, ಭೇದಿ ಆಗುತ್ತದೆ. ಬೇಯಿಸಿದ ಕೋಳಿ ಇಲ್ಲವೇ ಮೀನು, ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಕೊಡಿ. ಜ್ವರ ಇದೆ ಅನ್ನಿಸಿದರೂ ಪ್ಯಾರಾಸಿಟಮಾಲ್ ಕೊಡಲೇಬೇಡಿ. ಒಂದು ಮಾತ್ರೆಗೇ ಬೆಕ್ಕು ಸಾಯಬಹುದು.

ಮಂಡ್ಯದ ಮಾವ
ಮೂರು ಬಣ್ಣ ಇದ್ದರೆ ಹೆಣ್ಣೇ ಅಂತ ಯಾರು ಹೇಳಿದ್ದು? ಬಣ್ಣ ನೋಡಿ ಗಂಡು ಹೆಣ್ಣು ಹೇಳೋದು ಇದೇ ಮೊದಲು ಕೇಳ್ತಾ ಇರೋದು.

ಹೆಬ್ಬಾಳದ ಹುಡುಗಿ
ಕೇಸರಿ ಬಣ್ಣದ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ ಮಾವ. ಒಂದು ಎಕ್ಸ್‌ನಲ್ಲಿ ಕೇಸರಿ, ಇನ್ನೊಂದರಲ್ಲಿ ಕಪ್ಪು ಇದ್ದರೆ ಎರಡೂ ಒಟ್ಟಿಗೆ ಕಾಣುತ್ತವೆ. ಗಂಡಿಗೆ ಇರುವುದೇ ಒಂದು ಎಕ್ಸ್. ಮೂರು ಬಣ್ಣದ ಗಂಡು ಸುಮಾರು 3,000ಕ್ಕೆ ಒಂದು ಎನ್ನುತ್ತಾರೆ. ಪೂರ್ತಿ ಕೇಸರಿ ಬೆಕ್ಕು ಇದೆಯಲ್ಲ, ಅದರಲ್ಲಿ ಗಂಡೇ ಜಾಸ್ತಿ.

ಲೀಡ್ಸ್ ಕನ್ನಡಿಗ
ಇಲ್ಲಿ ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ 20 ವಾರ ದಾಟಿದ ಎಲ್ಲ ಸಾಕುಬೆಕ್ಕಿಗೂ ಮೈಕ್ರೋಚಿಪ್ ಕಡ್ಡಾಯ. ಹಾಕಿಸದಿದ್ದರೆ 500 ಪೌಂಡ್‌ವರೆಗೂ ದಂಡ. ಬೆಕ್ಕು ಸಿಕ್ಕರೆ ಹತ್ತಿರದ ಪಶುವೈದ್ಯರ ಹತ್ತಿರ ಒಯ್ದು ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಬೆಂಗಳೂರಿನಲ್ಲೂ ಮೊದಲು ಅದನ್ನೇ ಮಾಡಿಸಿ.

ಬೆಕ್ಕಿನ ಬಿಡಾರ
ಮಾಡಿಸಲಿ, ನಷ್ಟ ಇಲ್ಲ. ಎರಡು ಭುಜದ ನಡುವೆ ಚರ್ಮದಡಿ ಅಕ್ಕಿ ಕಾಳಿನಷ್ಟು ಚಿಪ್ ಇರುತ್ತದೆ. ಆದರೆ ಅದರಲ್ಲಿ ಸಿಗುವುದು 15 ಅಂಕಿಯ ಒಂದು ಸಂಖ್ಯೆ ಅಷ್ಟೇ. ಆ ಸಂಖ್ಯೆ ಯಾರ ಹೆಸರಲ್ಲಿದೆ ಅಂತ ನೋಡಲು ಎಲ್ಲೋ ನೋಂದಣಿ ಆಗಿರಬೇಕು. ನಮ್ಮಲ್ಲಿ ವಿದೇಶಿ ತಳಿ ಕೊಂಡವರು ಹಾಕಿಸುತ್ತಾರೆ, ವಿಮಾನದಲ್ಲಿ ಒಯ್ಯುವವರು ಹಾಕಿಸುತ್ತಾರೆ. ಹನುಮಂತನಗರದ ನಾಟಿ ಬೆಕ್ಕಿಗೆ ದಾರ ಕಟ್ಟಿದ್ದೇ ದೊಡ್ಡದು.

ಆ ದಾರದ ಬಗ್ಗೆ ಇಲ್ಲಿ ಇನ್ನೇನೂ ಬರೆಯಬೇಡಿ ಮೇಲ್ಮನೆಯವರೇ. ಬೇರೆ ಏನಾದರೂ ಗುರುತು ಇದ್ದರೂ ಗುಟ್ಟಾಗಿಡಿ. ಕೇಳಿಕೊಂಡು ಬರುವವರು ಅದನ್ನು ಅವರ ಬಾಯಿಂದಲೇ ಹೇಳಬೇಕು.

ಮೇಲ್ಮನೆ ಬಾಡಿಗೆ
ಆಸ್ಪತ್ರೆಗೆ ಹೋಗಿ ಬಂದೆ, ನನಗೆ ಚುಚ್ಚುಮದ್ದು ಶುರುವಾಗಿದೆ. ಬೆಕ್ಕನ್ನೂ ತೋರಿಸಿದೆ. ಚಿಪ್ ಇಲ್ಲ. ಕಿವಿ ತುದಿ ಕತ್ತರಿಸಿಲ್ಲ, ಹೊಟ್ಟೆ ಮೇಲೆ ಹೊಲಿಗೆ ಗುರುತು ಕಾಣಲಿಲ್ಲ, ಹಾಗಾಗಿ ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗಿರಲಿಕ್ಕಿಲ್ಲ ಎಂದರು. ಹಲ್ಲು ನೋಡಿ ಎರಡು ಮೂರು ವರ್ಷ ಇರಬಹುದು ಎಂದರು. ಬಸಿರಿಲ್ಲ. ಕೋಳಿ ಬೇಯಿಸಿ ಹಾಕಿದರೆ ಬುಟ್ಟಿಯಿಂದ ಹಾರಿ ಬಂತು. ಪಕ್ಕದ ಸೈಟಿನಿಂದ ಎಂ ಸ್ಯಾಂಡ್ ತಂದು ಹಳೇ ಟಬ್‌ನಲ್ಲಿ ಹಾಕಿಟ್ಟೆ, ಕಲಿಸುವುದೇ ಬೇಕಾಗಲಿಲ್ಲ.

ಒಬ್ಬರು ಫೋನ್ ಮಾಡಿ ನಮ್ಮದೇ ಎಂದರು. ಏನು ಗುರುತು ಎಂದರೆ ಫೋಟೋದಲ್ಲಿ ಕಾಣುವುದನ್ನೇ ಒಪ್ಪಿಸಿದರು. ಹಳೇ ಫೋಟೋ ಒಂದು ಕಳಿಸಿ ಅಂದೆ. "ಫೋನ್ ಹೋಯ್ತು" ಅಂದವರು ಮತ್ತೆ ಮಾತಾಡಲಿಲ್ಲ.

ನನಗನ್ನಿಸುವುದು, ಯಾರೋ ಬೇಕೆಂದೇ ಬಿಟ್ಟು ಹೋಗಿದ್ದಾರೆ. ಇಷ್ಟು ಜನ ನೋಡಿದ್ದಾರೆ, ನಿಜವಾದ ಮಾಲೀಕರು ಇದ್ದಿದ್ದರೆ ಇಷ್ಟರಲ್ಲಿ ಬರುತ್ತಿರಲಿಲ್ಲವಾ? ಹೆಂಡತಿ ಆಗಲೇ "ಪುಟ್ಟಿ" ಅಂತ ಕರೆಯಲು ಶುರು ಮಾಡಿದ್ದಾಳೆ.

ಕೋರ್ಟ್ ಹಾಲ್ ಕಾಫಿ
ಬಿಟ್ಟು ಹೋಗುವುದು ಅಪರಾಧ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಬರುತ್ತದೆ. ದಂಡ ಕೇಳಿದರೆ ನಗುತ್ತೀರಿ: ಮೊದಲ ಸಲಕ್ಕೆ ಗರಿಷ್ಠ 50 ರೂಪಾಯಿ. ಇವತ್ತಿಗೂ ಕಾಯ್ದೆಯಲ್ಲಿ ಅಷ್ಟೇ ಇದೆ.

ಆದರೆ ಬಿಟ್ಟು ಹೋದರು ಎಂದು ನೀವೇ ತೀರ್ಮಾನ ಮಾಡಿಕೊಳ್ಳುವುದು ಸರಿಯಲ್ಲ. ಕಾನೂನಿನ ಕಣ್ಣಲ್ಲಿ ಸಾಕಿದ ಬೆಕ್ಕು ಇನ್ನೊಬ್ಬರ ಸ್ವತ್ತು. 1872ರ ಕರಾರು ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಬೇರೆಯವರ ವಸ್ತು ಸಿಕ್ಕಿ ಅದನ್ನು ಇಟ್ಟುಕೊಂಡವರಿಗೆ, ನಂಬಿ ಒಪ್ಪಿಸಿದ ವಸ್ತುವನ್ನು ನೋಡಿಕೊಳ್ಳುವವರಿಗೆ ಇರುವಷ್ಟೇ ಹೊಣೆ ಇದೆ. 168 ಇನ್ನೂ ಮಜವಾಗಿದೆ. ನೀವು ಮಾಡಿದ ಖರ್ಚಿಗೆ ಮಾಲೀಕರ ಮೇಲೆ ದಾವೆ ಹಾಕುವಂತಿಲ್ಲ, ಆದರೆ ಖರ್ಚು ಕೊಡುವವರೆಗೆ ವಸ್ತುವನ್ನು ತಡೆಹಿಡಿಯಬಹುದು. ಡಾಕ್ಟರ್ ಬಿಲ್ ಎತ್ತಿಡಿ.

ಬೆಕ್ಕಿನ ಬಿಡಾರ
ಮೇಲ್ಮನೆಯವರೇ, ನಿಮ್ಮ ಲೆಕ್ಕ ತಪ್ಪು ಅಂತ ನನ್ನ ಅನಿಸಿಕೆ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾಯಿ ಕಳೆದರೆ ನಾವು ಬೀದಿ ಬೀದಿ ಸುತ್ತುತ್ತೇವೆ. ಬೆಕ್ಕು ಕಾಣದಿದ್ದರೆ "ಎಲ್ಲಿಗೋ ಹೋಗಿದೆ, ಬರುತ್ತೆ ಬಿಡು" ಎನ್ನುತ್ತೇವೆ. ಒಂದು ವಾರ ಆದ ಮೇಲೆ ತಳಮಳ ಶುರುವಾಗುತ್ತದೆ. ಅಂಥವರು ಫೇಸ್‌ಬುಕ್ಕಿನಲ್ಲಿ ಹಾಕುವುದಿಲ್ಲ. ನಿಮ್ಮ ಏರಿಯಾ ಗ್ರೂಪಿನಲ್ಲಿ ಯಾರಿದ್ದಾರೆ ನೋಡಿ: ಸ್ವಂತ ಮನೆಯವರು, ಅಪಾರ್ಟ್‌ಮೆಂಟಿನವರು, ನೀರು ಬರಲಿಲ್ಲ ಕಸ ಎತ್ತಲಿಲ್ಲ ಎಂದು ಬರೆಯುವವರು. ಅದೇ ಬೀದಿಯ ವಠಾರದಲ್ಲಿ ಒಂಟಿ ಕೋಣೆಯಲ್ಲಿರುವ ಅಜ್ಜಿ ಆ ಗ್ರೂಪಿನಲ್ಲಿ ಇರುತ್ತಾರಾ? ನಾಟಿ ಬೆಕ್ಕು ಸಾಕುವವರು ಅವರೇ ಜಾಸ್ತಿ. ನಿಮ್ಮ ಫೋಟೋ ಸಾವಿರ ಜನ ನೋಡಿರಬಹುದು, ಆ ಸಾವಿರದಲ್ಲಿ ಅವರು ಇಲ್ಲ.

ಮತ್ತೆ ಬೆಕ್ಕು ದೂರದಿಂದ ಬಂದಿರುವುದಿಲ್ಲ. 2018ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಬೆಕ್ಕು ಕಳೆದುಕೊಂಡ 1,210 ಜನರ ಉತ್ತರ ಸೇರಿಸಿ ಪ್ರಕಟಿಸಿದ್ದರು. ಸಿಕ್ಕ ಬೆಕ್ಕುಗಳಲ್ಲಿ ನೂರಕ್ಕೆ 75 ಸಿಕ್ಕಿದ್ದು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೆ. ಹನುಮಂತನಗರದಲ್ಲಿ 500 ಮೀಟರ್ ಅಂದರೆ ಎಷ್ಟು ಕ್ರಾಸ್ ಆಯಿತು ಹೇಳಿ? ನಡೆದು ಮುಗಿಸಬಹುದು.

ಆದ್ದರಿಂದ ಫೋನ್ ಜೇಬಿಗೆ ಹಾಕಿ ಬೀದಿಗೆ ಇಳಿಯಿರಿ. ಬೆಳಿಗ್ಗೆ ಆರಕ್ಕೆ ಹಾಲಿನ ಬೂತು, ಪೇಪರ್ ಹಾಕುವ ಹುಡುಗರು, ಬೀದಿ ಗುಡಿಸುವ ಪೌರಕಾರ್ಮಿಕರು. ಹತ್ತು ಗಂಟೆಗೆ ಇಸ್ತ್ರಿ ಗಾಡಿ, ಸೊಪ್ಪಿನವರು. ಭಾನುವಾರ ಮೀನಿನಂಗಡಿ, ಕೋಳಿ ಅಂಗಡಿ: ಯಾರು ಬೆಕ್ಕಿಗೆ ಅಂತ ಚೂರು ಪಾರು ಕೇಳುತ್ತಾರೆ ಎಂದು ಅವರಿಗೆ ಗೊತ್ತಿರುತ್ತದೆ. ಒಂದು ಎ4 ಹಾಳೆಯಲ್ಲಿ "ಬೆಕ್ಕು ಸಿಕ್ಕಿದೆ" ಎಂದು ದಪ್ಪ ಅಕ್ಷರದಲ್ಲಿ ಕನ್ನಡದಲ್ಲೇ ಬರೆದು, ಫೋಟೋ, ನಂಬರ್ ಹಾಕಿ, ಪ್ಲಾಸ್ಟಿಕ್ ಕವರಿನಲ್ಲಿಟ್ಟು ಅಂಗಡಿಯವರನ್ನು ಕೇಳಿ ಅಂಟಿಸಿ. ಇಂಗ್ಲಿಷಿನಲ್ಲಿ ಅಂದವಾಗಿ ಡಿಸೈನ್ ಮಾಡಿ ಅಂಟಿಸಿದ್ದನ್ನು ಓದಬೇಕಾದವರು ಓದಲ್ಲ.

ಕೋರ್ಟ್ ಹಾಲ್ ಕಾಫಿ
ಅಂಗಡಿ ಒಳಗೆ ಮಾತ್ರ. ಕರೆಂಟ್ ಕಂಬ, ಕಾಂಪೌಂಡ್ ಗೋಡೆಗೆ ಅಂಟಿಸಬೇಡಿ. ಸಾರ್ವಜನಿಕ ಸ್ಥಳ ವಿರೂಪ ತಡೆಗೆ 1981ರದ್ದೇ ಒಂದು ಕಾಯ್ದೆ ಇದೆ. ರಾಜಕಾರಣಿಗಳ ಹುಟ್ಟುಹಬ್ಬದ ಫ್ಲೆಕ್ಸಿಗೆ ಅನ್ವಯ ಆಗುವುದು ಕಾಣೆ, ನಿಮ್ಮ ಬೆಕ್ಕಿಗೆ ಆಗಿಬಿಟ್ಟೀತು.

ಉಳ್ಳಾಲದ ಅಕ್ಕ
ನಮ್ಮ ಕಡೆ ಇನ್ನೊಂದು ತೊಂದರೆ ಉಂಟು. ಒಂದೇ ಬೆಕ್ಕು ಮೂರು ಮನೆಯದ್ದು. ಬೆಳಿಗ್ಗೆ ಒಂದು ಮನೆಯಲ್ಲಿ ಮೀನಿನ ತಲೆ, ಮಧ್ಯಾಹ್ನ ಇನ್ನೊಂದು ಮನೆಯ ಚಾವಡಿಯಲ್ಲಿ ನಿದ್ದೆ. ತಾರಸಿಗೆ ದಿನಾ ಬಂದು ಹೋಗುವ ಬೆಕ್ಕಾದರೆ ಕುತ್ತಿಗೆಗೆ ಚೀಟಿ ಕಟ್ಟಿ ಕಳಿಸಬಹುದು: "ಇದು ನಿಮ್ಮದಾ? ಈ ನಂಬರಿಗೆ ಫೋನ್ ಮಾಡಿ." ನಾನು ಹಾಗೆ ಕಳಿಸಿದಾಗ ಎರಡು ಮನೆಯಿಂದ ಫೋನ್ ಬಂದಿತ್ತು. ಆದರೆ ನಿಮ್ಮದು ಹೆದರಿ ದಾರಿ ತಪ್ಪಿದ್ದು, ಹಾಗೆ ಬಿಡುವುದು ಬೇಡ. ಪಟಾಕಿ ಪೂರಾ ನಿಲ್ಲಲಿ.

ಮೇಲ್ಮನೆ ಬಾಡಿಗೆ
ಸಿಕ್ಕರು!

ಇಸ್ತ್ರಿ ಗಾಡಿಯವರಿಂದ. ಹಾಳೆ ತೋರಿಸುತ್ತಿದ್ದ ಹಾಗೇ ಕೆಂಡದ ಪೆಟ್ಟಿಗೆ ಪಕ್ಕಕ್ಕಿಟ್ಟು "ಇದು ತಟ್ಟೆ ತಾತನ ಬೆಕ್ಕಲ್ವಾ" ಎಂದರು. ರಾಮಾಂಜನೇಯ ಗುಡ್ಡದ ಕಡೆ, ನಮ್ಮ ಮನೆಯಿಂದ ನಾಲ್ಕು ಕ್ರಾಸ್ ಆಚೆ ಒಂದು ಹಳೇ ವಠಾರ. ಅಲ್ಲಿನ ತಾತ ಮೊದಲು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರಂತೆ. ಹಬ್ಬ ಆದಾಗಿನಿಂದ ಸಂಜೆ ಆದರೆ ಸ್ಟೀಲ್ ತಟ್ಟೆಗೆ ಚಮಚ ಬಡಿಯುತ್ತಾ ಬೀದಿ ಕೊನೆಯವರೆಗೆ ನಡೆದು ವಾಪಸ್ ಬರುತ್ತಿದ್ದರಂತೆ. ಬೆಕ್ಕಿಗೆ ಊಟಕ್ಕೆ ಕರೆಯುವುದು ಹಾಗೇ. ಮಂಡಿ ನೋವು, ಅದಕ್ಕಿಂತ ದೂರ ಬರಲು ಆಗುವುದಿಲ್ಲ. ಆ ಸದ್ದು ನಮ್ಮ ಮನೆವರೆಗೆ ಎಲ್ಲಿ ಕೇಳಬೇಕು! ಫೋನ್ ಇದೆ, ಬಟನ್ ಫೋನ್.

ಬಿಡಾರದ ಅಕ್ಕ ಹೇಳಿದ ಹಾಗೆ ಗುರುತು ಕೇಳಿದೆ. "ಕಪ್ಪು ದಾರದಲ್ಲಿ ಗೆಜ್ಜೆ ಇದೆ, ಆದ್ರೆ ಸದ್ದು ಬರಲ್ಲ. ಒಳಗಿನ ಕಾಳು ನಾನೇ ಕಿತ್ತೆ, ರಾತ್ರಿಯೆಲ್ಲ ನಿದ್ದೆ ಮಾಡೋಕೆ ಬಿಡ್ತಿರಲಿಲ್ಲ" ಎಂದರು. ಸರಿಯಾಗಿ ಅದೇ. ಗೆಜ್ಜೆ ಕೂದಲಲ್ಲಿ ಮುಚ್ಚಿಹೋಗಿತ್ತು, ನಾನು ಇಲ್ಲಿಯೂ ಬರೆದಿರಲಿಲ್ಲ, ಫೋಟೋದಲ್ಲೂ ಕಾಣುತ್ತಿರಲಿಲ್ಲ. ಬೆಕ್ಕಿನ ಹೆಸರು ಗೌರಿ, ಗೌರಿ ಹಬ್ಬದ ದಿನ ಮರಿಯಾಗಿ ಬಂದದ್ದಂತೆ.

ಇನ್ನೂ ಕೊಟ್ಟಿಲ್ಲ. ನಾಳೆ ಒಯ್ಯಬೇಕು. ಮನೆಯಲ್ಲಿ ಮಾತೇ ಇಲ್ಲ.

ಲೀಡ್ಸ್ ಕನ್ನಡಿಗ
ಒಂದು ನಿಮಿಷ. ಲಸಿಕೆ ಹಾಕಿಸಿದ್ದಾರಾ? ಆಪರೇಷನ್ ಇಲ್ಲ, ಪಟಾಕಿ ರಾತ್ರಿ ಹೊರಗೆ ಬಿಟ್ಟಿದ್ದಾರೆ. ಕ್ಷಮಿಸಿ, ಕಟುವಾಗಿ ಹೇಳುತ್ತೇನೆ: ಬೆಕ್ಕಿನ ಹಿತ ನೋಡಿದರೆ ವಾಪಸ್ ಕೊಡಬಾರದು. ನಿಮ್ಮ ಮನೆಯಲ್ಲಿ ಅದು ಚೆನ್ನಾಗಿರುತ್ತದೆ.

ಮಂಡ್ಯದ ಮಾವ
ಎಲಾ ಎಲಾ! ಮಂಡಿ ನೋವಿಟ್ಟುಕೊಂಡು ತಟ್ಟೆ ಬಡಿಯುತ್ತಾ ಓಡಾಡಿದ ಮುದುಕನ ಬೆಕ್ಕು ಕಿತ್ಕೊಳ್ಳೋದು ಯಾವ ಊರ ನ್ಯಾಯ? ನಿಮ್ಮ ಲೀಡ್ಸಿನ ನ್ಯಾಯ ಇರಬೇಕು.

ಬೆಕ್ಕಿನ ಬಿಡಾರ
ಲೀಡ್ಸ್ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ನಾನು ಮಾವನ ಕಡೆ. ಹಸಿವಿಗೆ ಹಾಕದೆ, ಹೊಡೆದು ಬಡಿದು ಮಾಡಿದ್ದರೆ ನಾನೇ ಕೊಡಬೇಡಿ ಎನ್ನುತ್ತಿದ್ದೆ. ಚುಚ್ಚುಮದ್ದು, ಆಪರೇಷನ್ ಇಲ್ಲದಿರುವುದಕ್ಕೆ ದುಡ್ಡು ಕಾರಣ ಇರಬಹುದು, ಯಾರೂ ಹೇಳಿಕೊಡದೆ ಇರಬಹುದು. ಅದನ್ನು ನಾವು ಸರಿ ಮಾಡಬಹುದು. ಬೆಕ್ಕು ಕಿತ್ತುಕೊಂಡರೆ ಗೌರಿ ಜಾಗಕ್ಕೆ ಇನ್ನೊಂದು ಮರಿ ಬರುತ್ತದೆ, ಅದಕ್ಕೂ ಆಪರೇಷನ್ ಆಗುವುದಿಲ್ಲ. ನಾವು ಗೆದ್ದ ಹಾಗಾಯಿತಾ?

ಮರಿಗಳನ್ನು ಏನು ಮಾಡುತ್ತಿದ್ದರು ಕೇಳಿ ಮೇಲ್ಮನೆಯವರೇ. ಅಲ್ಲಿಂದ ಮಾತು ತೆಗೆಯಿರಿ.

ಮೇಲ್ಮನೆ ಬಾಡಿಗೆ
ಒಯ್ದು ಕೊಟ್ಟೆ. ಬಾಸ್ಕೆಟ್ ಬಾಗಿಲು ತೆಗೆದರೆ ಗೌರಿ ತಾತನ ಕಡೆ ಓಡಲಿಲ್ಲ, ಸೀದಾ ಅವರ ಮಂಚದ ಕೆಳಗೆ ಹೋಗಿ ಅಲ್ಲಿದ್ದ ತಟ್ಟೆ ಮೂಸಿತು. ಖಾಲಿ ಇತ್ತು. ಕೂಗಿದ ಕೂಗಿಗೆ ವಠಾರದ ಮಕ್ಕಳೆಲ್ಲ ಬಂದರು.

ಮರಿಗಳ ಬಗ್ಗೆ ಕೇಳಿದೆ. ಪ್ರತಿ ಸಲ ದಿನಸಿ ಅಂಗಡಿಗೆ, ಗೋದಾಮಿಗೆ ಇಲಿ ಹಿಡಿಯಲು ಅಂತ ಕೊಟ್ಟಿದ್ದಾರೆ. ಹೋದ ಸಲದ್ದರಲ್ಲಿ ಎರಡನ್ನು ನಾಯಿ ಕಚ್ಚಿ ಸಾಯಿಸಿತು ಎಂದು ಹೇಳಿ ಸುಮ್ಮನಾದರು.

ಆಮೇಲೆ ತಗಡಿನ ಡಬ್ಬಿ ತೆಗೆದು "ಡಾಕ್ಟರ್ ಖರ್ಚು ಎಷ್ಟಾಯ್ತಪ್ಪ" ಎಂದರು. ನನಗೆ ಆಗ ಸೆಕ್ಷನ್ 168 ನೆನಪಾಯಿತು. ದುಡ್ಡು ಬೇಡ ತಾತ, ಅದರ ಬದಲು ಆಪರೇಷನ್ ಮಾಡಿಸಲು ಒಪ್ಪಿ ಎಂದೆ. "ಹೆಣ್ಣು ಜೀವ, ಪಾಪ ಬರಲ್ವಾ?" ಎಂದು ಎರಡು ಸಲ ಕೇಳಿದರು. ಪಕ್ಕದ ಮನೆ ಹೆಂಗಸು "ವರ್ಷಕ್ಕೆ ಮೂರು ಬಾಣಂತನ ನೀವು ಮಾಡ್ತೀರಾ ತಾತ?" ಎಂದು ಬೈದ ಮೇಲೆ ಒಪ್ಪಿದರು.

ಈಗ ಒಂದು ಸಮಸ್ಯೆ. ಆಪರೇಷನ್ ಆದ ಮೇಲೆ ಒಳಗೇ ಇಟ್ಟುಕೊಳ್ಳಬೇಕಂತೆ. ವಠಾರದ ಕೋಣೆಗೆ ಕಿಟಕಿ ಬಾಗಿಲೇ ಇಲ್ಲ, ಕಂಬಿ ಮಾತ್ರ.

ಹೆಬ್ಬಾಳದ ಹುಡುಗಿ
ಹೌದು, 10ರಿಂದ 14 ದಿನ. ಓಡುವುದು, ಹಾರುವುದು ಕಡಿಮೆ ಇರಬೇಕು, ಹೊಲಿಗೆ ನೆಕ್ಕದ ಹಾಗೆ ಕೊರಳಿಗೆ ಕೋನ್ ಹಾಕಬೇಕು. ಹಿಂದಿನ ರಾತ್ರಿಯಿಂದ ಊಟ ಎಷ್ಟು ಹೊತ್ತಿಗೆ ನಿಲ್ಲಿಸಬೇಕು ಎಂದು ಮಾಡುವ ಡಾಕ್ಟರನ್ನೇ ಕೇಳಿ. ಅಲ್ಲೇ ರೇಬಿಸ್ ಲಸಿಕೆ, ಟ್ರೈಕ್ಯಾಟ್ (ಬೆಕ್ಕಿನ ಮೂರು ಕಾಯಿಲೆಗೆ ಒಂದೇ ಲಸಿಕೆ) ಯಾವಾಗ ಎಂದೂ ಬರೆಸಿಕೊಳ್ಳಿ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಲ್ಲಿ ನಾಯಿ ಜೊತೆ ಬೆಕ್ಕೂ ಇದೆ. ಪ್ರಾಣಿದಯಾ ಸಂಸ್ಥೆಗಳನ್ನು ವಿಚಾರಿಸಿದರೆ ಖರ್ಚು ಕಡಿಮೆ ಆಗಬಹುದು. ತಡ ಮಾಡಬೇಡಿ, ಬೆಕ್ಕು ಬಸಿರು ಹೊರುವುದು ಒಂಬತ್ತೇ ವಾರ.

ಉಳ್ಳಾಲದ ಅಕ್ಕ
ಆ ದಾರ ತೆಗೆಸಿ ಮಾರಾಯ್ರೆ. ಎಲ್ಲಿಯಾದರೂ ಸಿಕ್ಕಿಕೊಂಡರೆ ನೇಣು. ಎಳೆದರೆ ತಾನೇ ಬಿಚ್ಚಿಕೊಳ್ಳುವ ಬೆಕ್ಕಿನ ಪಟ್ಟಿ ಸಿಗುತ್ತದೆ, ಅದರ ಮೇಲೆ ಮಾಸದ ಪೆನ್ನಿನಲ್ಲಿ ಅಜ್ಜನ ನಂಬರ್ ಬರೆಯಿರಿ. ಅಜ್ಜನಿಗೆ ಗೆಜ್ಜೆ ಬೇಕಿದ್ದರೆ ಅದಕ್ಕೇ ಪೋಣಿಸಿ.

ಮೇಲ್ಮನೆ ಬಾಡಿಗೆ
ಓನರ್ ಅಮ್ಮನನ್ನು ಕೇಳಿದೆ. ಮುಖ ಗಂಟಿಕ್ಕಿಕೊಂಡೇ "ಹದಿನಾಲ್ಕು ದಿನ ಅಂದ್ರೆ ಹದಿನಾಲ್ಕೇ. ಹದಿನೈದನೇ ದಿನ ಮೆಟ್ಟಿಲ ಮೇಲೆ ಬೆಕ್ಕಿನ ಕೂದಲು ಕಾಣಬಾರದು" ಎಂದರು. ಹಾಗಾಗಿ ಆಪರೇಷನ್ ಆದ ಮೇಲೆ ನಮ್ಮ ಮನೆಯಲ್ಲೇ ಇರುತ್ತದೆ. ತಾತ ಸಂಜೆ ಬಂದು ನೋಡುತ್ತೇನೆ ಎಂದಿದ್ದಾರೆ. ಎರಡು ಮಹಡಿ ಹತ್ತುವುದು ಬೇಡ, ನಾನೇ ವಿಡಿಯೊ ತೋರಿಸುತ್ತೇನೆ ಎಂದರೆ ಕೇಳಲು ತಯಾರಿಲ್ಲ.

ಮಂಡ್ಯದ ಮಾವ
ಹೆಬ್ಬಾಳದ ಹುಡುಗಿ, ಒಂದು ಕೇಳ್ತೀನಿ. ನಮ್ಮನೆ ಗಂಡು ಕೊತ್ತಿ ಅಕ್ಕಿ ಮೂಟೆಗೆಲ್ಲ ಉಚ್ಚೆ ಹೊಯ್ಯುತ್ತೆ, ರಾತ್ರಿಯೆಲ್ಲ ಹೆಂಚಿನ ಮೇಲೆ ಜಗಳ. ಗಂಡಿಗೂ ಹದಿನಾಲ್ಕು ದಿನ ಕೂಡಿಹಾಕಬೇಕಾ?

ಹೆಬ್ಬಾಳದ ಹುಡುಗಿ
ಬೇಡ ಮಾವ. ಗಂಡಿಗೆ ಹೊಟ್ಟೆ ಕೊಯ್ಯುವುದಿಲ್ಲ, ಗಾಯ ಸಣ್ಣದು, ಕೆಲವು ದಿನ ಒಳಗಿಟ್ಟರೆ ಸಾಮಾನ್ಯವಾಗಿ ಸಾಕು. ಉಚ್ಚೆ ಹೊಯ್ಯುವುದೂ ಹೆಚ್ಚಿನವುಗಳಲ್ಲಿ ಕಡಿಮೆಯಾಗುತ್ತದೆ, ಆದರೆ ಮಾರನೇ ದಿನವೇ ನಿಲ್ಲಲ್ಲ, ಕೆಲವು ವಾರ ಬೇಕು. ನಿಮ್ಮ ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮೊದಲು ಫೋನ್ ಮಾಡಿ ಕೇಳಿ. ಗೋಣಿಚೀಲದಲ್ಲಿ ಒಯ್ಯಬೇಡಿ, ಮುಚ್ಚಳ ಇರುವ ಬುಟ್ಟಿ ಇಟ್ಟುಕೊಳ್ಳಿ.